ತೊಗಟೆಯಡಿಯ ಕೋಶ: ವೈರಿಯೋ, ಕಾವಲುಗಾರನೋ?

ಒಣಗಿದ ಮರದ ಸಡಿಲ ತೊಗಟೆಯನ್ನು ಎತ್ತಿದರೆ ಗೋಧಿ ಕಾಳಿನಂಥ ಕಂದು ಕೋಶಗಳು ಕಾಣುವುದುಂಟು. ಅವು ಓಡಾಡುವುದಿಲ್ಲ, ತಿನ್ನುವುದಿಲ್ಲ. ಒಳಗೆ ನೊಣವೊಂದು ರೂಪುಗೊಳ್ಳುತ್ತಿದೆ ಎಂದು ತಿಳಿಯಲು ಮನುಷ್ಯನಿಗೆ ಬಹುಕಾಲ ಬೇಕಾಯಿತು.

ಕೊಳೆತ ಪದಾರ್ಥದಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಎಂಬ ನಂಬಿಕೆ ಅರಿಸ್ಟಾಟಲನ ಕಾಲದಿಂದ ಯುರೋಪಿನಲ್ಲಿ ಬೇರೂರಿತ್ತು. ಫ್ಲಾರೆನ್ಸಿನ ಆಸ್ಥಾನ ವೈದ್ಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಕಟಿಸಿದ ಪ್ರಯೋಗಗಳು ಅದನ್ನು ಅಲುಗಾಡಿಸಿದವು. ಮುಚ್ಚಿಟ್ಟ ಮಾಂಸದಲ್ಲಿ ಹುಳು ಬೀಳಲಿಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟು ಪ್ರಚಾರ ಪಡೆಯದ ಸಂಗತಿ ಇನ್ನೊಂದಿದೆ. ಹುಳುಗಳು ಗಟ್ಟಿಯಾಗಿ ಮೊಟ್ಟೆಯಂತಾದಾಗ ರೆಡಿ ಅವನ್ನು ಬಣ್ಣಕ್ಕನುಸಾರ ವಿಂಗಡಿಸಿ ಗಾಜಿನ ಪಾತ್ರೆಗಳಲ್ಲಿಟ್ಟು ಕಾದ. ಬಣ್ಣ ಬೇರೆಯಾದಂತೆ ಹೊರಬಂದ ನೊಣಗಳೂ ಬೇರೆಯಾದವು.

ಆದರೆ ಮರದ ವಿಷಯದಲ್ಲಿ ರೆಡಿಯೂ ಎಡವಿದ. ಎಲೆ, ಕೊಂಬೆಗಳ ಗಂಟುಗಳಲ್ಲಿರುವ ಹುಳುಗಳನ್ನು ಮರದ ಜೀವಶಕ್ತಿಯೇ ಹುಟ್ಟಿಸುತ್ತದೆ ಎಂದು ಅವನು ಭಾವಿಸಿದ್ದ. ಅವು ಕೂಡ ತಾಯಿ ಕೀಟವಿಟ್ಟ ಮೊಟ್ಟೆಗಳಿಂದಲೇ ಬರುತ್ತವೆ ಎಂಬುದನ್ನು ಮಾಲ್ಪಿಗಿ, ವ್ಯಾಲಿಸ್ನೇರಿ ಮುಂತಾದವರು ಮುಂದೆ ತೋರಿಸಿಕೊಟ್ಟರು.

ಕಾಯದೆ, ಖಾಲಿ ಕೋಶವನ್ನು ನೋಡಿಯೇ ನೊಣದ ಬಗೆ ಹೇಳಬಹುದೇ? ವಿಯೆನ್ನಾದ ಫ್ರೀಡ್ರಿಶ್ ಬ್ರೌವರ್ 1863ರಲ್ಲಿ ಇದಕ್ಕೊಂದು ದಾರಿ ತೋರಿದ. ಕೆಲವು ನೊಣಗಳ ಕೋಶ ಬೆನ್ನಿನ ಮೇಲೆ ನೇರವಾಗಿ ಸೀಳುತ್ತದೆ. ಇನ್ನು ಕೆಲವುಗಳಲ್ಲಿ ಮರಿಹುಳುವಿನ ಕೊನೆಯ ಚರ್ಮವೇ ಗಟ್ಟಿಯಾಗಿ ಪೀಪಾಯಿಯಂತಾಗುತ್ತದೆ. ಅದರ ಒಂದು ತುದಿ ದುಂಡಗೆ, ಮುಚ್ಚಳದಂತೆ ಕಳಚುತ್ತದೆ. ನೇರ ಸೀಳಿನ ನೊಣಗಳೆಲ್ಲ ಒಂದೇ ವಂಶದವಲ್ಲ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಆದರೂ ಕೋಶ ಗುರುತಿಸುವವರಿಗೆ ಆ ಸೀಳು ಈಗಲೂ ಮೊದಲ ಸುಳಿವು.

ಈ ಸುಳಿವಿನ ಬೆಲೆ ತಿಳಿಯುವುದು ಯುರೋಪಿನ ಸ್ಪ್ರೂಸ್ ಕಾಡುಗಳಲ್ಲಿ. ತೊಗಟೆ ಜೀರುಂಡೆಯ ಮರಿಗಳು ತೊಗಟೆಯಡಿ ಸುರಂಗ ಕೊರೆದು ಮರವನ್ನೇ ಕೊಲ್ಲುತ್ತವೆ. 2018ರ ಬರದ ನಂತರ ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಸ್ಪ್ರೂಸ್ ತೋಪುಗಳು ಹೀಗೆಯೇ ಬೋಳಾದವು. ಅದೇ ಸುರಂಗಗಳಲ್ಲಿ ಮೆಡೆಟೆರಾ ಎಂಬ ನೊಣದ ಮರಿಹುಳು ಜೀರುಂಡೆಯ ಮರಿಗಳನ್ನು ತಿಂದು ಬೆಳೆದು, ಅಲ್ಲಿಯೇ ಗೂಡು ಕಟ್ಟಿ ಕೋಶವಾಗುತ್ತದೆ. ಅದರದು ನೇರ ಸೀಳು. ಪಕ್ಕದಲ್ಲೇ ಸಿಗಬಹುದಾದ ಲೊಂಕಿಯಾ ನೊಣದ್ದು ಮುಚ್ಚಳ ಕಳಚುವ ಪೀಪಾಯಿ.

ಹೆಸರನ್ನು ನಂಬಿದರೂ ಮೋಸವೇ. 1803ರಲ್ಲಿ ಮೈಗೆನ್ ಒಂದು ನೊಣಕುಲಕ್ಕೆ ಕ್ಸೈಲೋಫಾಗಸ್ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ‘ಮರ ತಿನ್ನುವುದು’ ಎಂದರ್ಥ. ಆದರೆ ತೊಗಟೆಯಡಿಯ ಅದರ ಮರಿಹುಳು ತಿನ್ನುವುದು ಮರವನ್ನಲ್ಲ, ಇತರ ಕೀಟಗಳ ಮರಿಗಳನ್ನು.

ಜೀರುಂಡೆಗಳನ್ನು ನಾಶಮಾಡಲು ತೊಗಟೆ ಸುಲಿದು ಸುಡುವುದು ಅಲ್ಲಿನ ಹಳೆಯ ಕ್ರಮ. ಆ ಬೆಂಕಿಯಲ್ಲಿ ವೈರಿಯ ಜೊತೆಗೆ ಕಾವಲುಗಾರನೂ ಬೇಯುತ್ತಾನೆ. ತೊಗಟೆಯಡಿ ಸಿಕ್ಕ ಕೋಶ ಯಾವುದೆಂದು ತಿಳಿಯದಿದ್ದರೆ ರೆಡಿಯ ಉಪಾಯವೇ ಇಂದಿಗೂ ಉತ್ತಮ: ತೊಗಟೆಯ ಚೂರಿನೊಂದಿಗೆ ಅದನ್ನು ಗಾಳಿಯಾಡುವ ಪಾತ್ರೆಯಲ್ಲಿಟ್ಟು, ಒಳಗಿರುವುದು ಹೊರಬರುವವರೆಗೆ ಕಾಯುವುದು.