ಮೋಟಾರ್ ಸೈಕಲ್‌ನ ಸಡಿಲವಾದ ಕ್ಲಚ್ ಲಿವರ್: ದೋಷ ಪತ್ತೆ ಹಾಗೂ ಸರಿಪಡಿಸುವ ಕ್ರಮ
(ಚಾಲನಾ ಪರೀಕ್ಷೆಗೆ ಹಾಜರಾಗುವ ಅರ್ಜಿದಾರರ ಮಾಹಿತಿಗಾಗಿ)

ಗೇರ್‌ಸಹಿತ ಮೋಟಾರ್ ಸೈಕಲ್‌ನ ಚಾಲನಾ ಅನುಜ್ಞಾ ಪತ್ರಕ್ಕೆ ಅರ್ಜಿ ಸಲ್ಲಿಸಿರುವವರು ಅದೇ ವರ್ಗದ ವಾಹನದಲ್ಲಿ ಪರೀಕ್ಷೆ ನೀಡತಕ್ಕದ್ದು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯಂತಹ ಗ್ರಾಮೀಣ ಪ್ರದೇಶದಿಂದ ಬರುವ ಅರ್ಜಿದಾರರು ಒಂದು ದಿನದ ಕೆಲಸ ಬಿಟ್ಟು, ತಮ್ಮ ಮನೆಯ ವಾಹನವನ್ನೇ ಪರೀಕ್ಷೆಗೆ ತರುವುದು ಸಾಮಾನ್ಯ. ಚಾಲನೆ ಚೆನ್ನಾಗಿ ತಿಳಿದಿದ್ದರೂ, ಕ್ಲಚ್ ಲಿವರ್ ಸಡಿಲವಾಗಿದ್ದರೆ ಗೇರ್ ಬದಲಿಸುವಾಗ ವಾಹನ ನಿಂತುಹೋಗುವ ಅಥವಾ ಮುನ್ನುಗ್ಗುವ ಸಂಭವವಿರುತ್ತದೆ. ಆದುದರಿಂದ ಈ ದೋಷವನ್ನು ಮುಂಚಿತವಾಗಿಯೇ ಗುರುತಿಸಿ ಸರಿಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 15ರ ಪ್ರಕಾರ, ಕಲಿಕಾ ಅನುಜ್ಞಾ ಪತ್ರ ಪಡೆದು ಕನಿಷ್ಠ 30 ದಿನಗಳು ಕಳೆದ ನಂತರವೇ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ವಾಹನವನ್ನು ನಯವಾಗಿ ಹೊರಡಿಸಿ ಮೇಲಿನ ಗೇರ್‌ವರೆಗೆ ಒಯ್ಯುವುದು, ಸಂದರ್ಭಾನುಸಾರ ಶೀಘ್ರವಾಗಿ ಕೆಳಗಿನ ಗೇರ್‌ಗೆ ಇಳಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಪುನಃ ಹೊರಡುವುದು ಇವೆಲ್ಲವೂ ಪರೀಕ್ಷೆಯ ಅಂಗಗಳು. ಮೋಟಾರ್ ಸೈಕಲ್‌ನಲ್ಲಿ ಇವು ಮೂರೂ ಕ್ಲಚ್‌ನ ಹತೋಟಿಯನ್ನು ಅವಲಂಬಿಸಿವೆ.

ಅನುತ್ತೀರ್ಣರಾದವರು 7 ದಿನಗಳ ನಂತರ ಮರುಪರೀಕ್ಷೆಗೆ ಹಾಜರಾಗಬಹುದು. ಮೂರು ಬಾರಿ ಹಾಜರಾಗಿಯೂ ಉತ್ತೀರ್ಣರಾಗದಿದ್ದಲ್ಲಿ, ಕೊನೆಯ ಪರೀಕ್ಷೆಯ ದಿನಾಂಕದಿಂದ 60 ದಿನಗಳು ಕಳೆಯುವವರೆಗೆ ಮತ್ತೆ ಅವಕಾಶವಿರುವುದಿಲ್ಲ.

2. ಸಡಿಲತೆಯ ವಿಧಗಳು

ಕ್ಲಚ್ ಲಿವರನ್ನು ಒತ್ತಿದಾಗ, ಕೇಬಲ್ ಬಿಗಿಯಾಗುವುದಕ್ಕೆ ಮುನ್ನ ಲಿವರ್ ಬರಿದೇ ಚಲಿಸುವ ಅಂತರವನ್ನು ಮೆಕ್ಯಾನಿಕರು ‘ಪ್ಲೇ’ ಎನ್ನುತ್ತಾರೆ. ಸ್ವಲ್ಪ ಪ್ಲೇ ಇರಲೇಬೇಕು, ಅದು ದೋಷವಲ್ಲ. ನಿತ್ಯ ಬಳಕೆಯ ಅನೇಕ ಮೋಟಾರ್ ಸೈಕಲ್‌ಗಳಲ್ಲಿ ಲಿವರ್‌ನ ತುದಿಯಲ್ಲಿ 10ರಿಂದ 20 ಮಿ.ಮೀ. ಪ್ಲೇ ಇರುತ್ತದೆ. ಕೆಲವು ತಯಾರಕರು ಲಿವರ್‌ನ ಬುಡದಲ್ಲಿ ಅಳೆಯುವ 2ರಿಂದ 3 ಮಿ.ಮೀ. ಅಳತೆಯನ್ನು ನೀಡಿರುತ್ತಾರೆ. ತಮ್ಮ ವಾಹನದ ಕೈಪಿಡಿಯಲ್ಲಿರುವ ಅಳತೆಯನ್ನೇ ಅನುಸರಿಸತಕ್ಕದ್ದು.

ಎಲ್ಲ ಸಡಿಲತೆಯೂ ಒಂದೇ ಕಾರಣದಿಂದ ಉಂಟಾಗುವುದಿಲ್ಲ. ಎಂಜಿನ್ ನಿಲ್ಲಿಸಿ ಈ ಕೆಳಕಂಡಂತೆ ಪರಿಶೀಲಿಸಬೇಕು.

ಅ) ಲಿವರ್ ಅರ್ಧ ದೂರ ಬಂದ ಮೇಲೆಯೇ ಬಿಗಿ ಸಿಗುತ್ತಿದ್ದರೆ ಪ್ಲೇ ಹೆಚ್ಚಾಗಿದೆ ಎಂದರ್ಥ. ಲಿವರ್ ಪೂರ್ತಿ ಒತ್ತಿದರೂ ಕ್ಲಚ್ ಸಂಪೂರ್ಣವಾಗಿ ಬಿಡುವುದಿಲ್ಲ. ಗೇರ್ ಬೀಳುವಾಗ ಶಬ್ದ ಬರುವುದು, ನ್ಯೂಟ್ರಲ್ ಸಿಗದಿರುವುದು, ಲಿವರ್ ಹಿಡಿದಿದ್ದರೂ ವಾಹನ ಮುಂದಕ್ಕೆ ಎಳೆಯುವುದು ಇದರ ಲಕ್ಷಣಗಳು.

ಆ) ಲಿವರ್ ಮೇಲೆ ಕೆಳಗೆ ಅಲುಗಾಡುತ್ತಿದ್ದರೆ ಅದನ್ನು ಹಿಡಿದಿರುವ ಬೋಲ್ಟು ಅಥವಾ ನಟ್ಟು ಸಡಿಲಗೊಂಡಿರುತ್ತದೆ; ಇಲ್ಲವೇ ಬೋಲ್ಟು ಕೂರುವ ರಂಧ್ರ ಸವೆದಿರುತ್ತದೆ.

ಇ) ಲಿವರ್ ಜೋತುಬಿದ್ದು ಯಾವ ಬಿಗಿಯೂ ಸಿಗದಿದ್ದರೆ ಕೇಬಲ್ ತುಂಡಾಗಿದೆ ಅಥವಾ ಅದರ ತುದಿಯ ಗುಂಡು ಲಿವರ್‌ನಿಂದ ಕಳಚಿದೆ. ತುದಿಯಲ್ಲಿ ಒಂದೆರಡು ಎಳೆಗಳು ಮಾತ್ರ ಕಿತ್ತಿದ್ದರೂ ಆ ಕೇಬಲ್ಲನ್ನು ಮುಂದುವರಿಸಬಾರದು.

3. ಸರಿಪಡಿಸುವ ಕ್ರಮ

(1) ಮೊದಲು ಲಿವರ್‌ನ ಬೋಲ್ಟು ಮತ್ತು ನಟ್ಟನ್ನು ಸ್ಪ್ಯಾನರ್‌ನಿಂದ ಬಿಗಿಗೊಳಿಸಿ. ಲಿವರ್ ತಾನಾಗಿಯೇ ಹಿಂದಿರುಗುವಷ್ಟು ಸರಾಗವಾಗಿರಬೇಕು. ರಂಧ್ರ ಸವೆದಿದ್ದರೆ ಲಿವರನ್ನೇ ಬದಲಿಸಬೇಕು.

(2) ಲಿವರ್‌ನ ಬಳಿ ಕೇಬಲ್ ಸೇರುವಲ್ಲಿರುವ ಅಡ್ಜಸ್ಟರ್‌ನ ರಬ್ಬರ್ ಹೊದಿಕೆಯನ್ನು ಸರಿಸಿ, ಲಾಕ್ ನಟ್ಟನ್ನು ಸಡಿಲಿಸಿ. ಅಡ್ಜಸ್ಟರನ್ನು ಹೊರಕ್ಕೆ ತಿರುಗಿಸಿದರೆ ಪ್ಲೇ ಕಡಿಮೆಯಾಗುತ್ತದೆ. ಒಳಕ್ಕೆ ತಿರುಗಿಸಿದರೆ ಹೆಚ್ಚಾಗುತ್ತದೆ. ಅಳತೆ ಸರಿಯಾದ ಮೇಲೆ ಲಾಕ್ ನಟ್ಟನ್ನು ಮರೆಯದೆ ಬಿಗಿಗೊಳಿಸಿ.

(3) ಅಡ್ಜಸ್ಟರ್ ಬಹುಪಾಲು ಹೊರಬಂದರೂ ಪ್ಲೇ ಉಳಿದಿದ್ದರೆ ಅದನ್ನು ಪುನಃ ಒಳಕ್ಕೆ ತಿರುಗಿಸಿ, ಎಂಜಿನ್ ಬಳಿಯ ಕೇಬಲ್ ತುದಿಯ ನಟ್ಟುಗಳಿಂದ ಹೊಂದಿಸಬೇಕು. ಅಲ್ಲಿಯೂ ಅವಕಾಶ ಮುಗಿದಿದ್ದರೆ ಕೇಬಲ್ ಹಿಗ್ಗಿದೆ, ಹೊಸದನ್ನು ಹಾಕಿಸಿ.

(4) ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಆಗ ಪ್ಲೇ ಬದಲಾಗುತ್ತಿದ್ದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ತಪ್ಪು ದಾರಿಯಲ್ಲಿ ಹಾದಿದೆ.

(5) ಕೊನೆಯಲ್ಲಿ ಸಮತಟ್ಟಾದ, ಜನಸಂಚಾರವಿಲ್ಲದ ಸ್ಥಳದಲ್ಲಿ ಬ್ರೇಕ್ ಹಿಡಿದು ಎಂಜಿನ್ ಚಾಲೂ ಮಾಡಿ, ಲಿವರ್ ಒತ್ತಿ ಮೊದಲ ಗೇರ್‌ಗೆ ಹಾಕಿ. ಬ್ರೇಕನ್ನು ನಿಧಾನವಾಗಿ ಬಿಟ್ಟಾಗ ವಾಹನ ಎಳೆಯದೆ ನಿಂತಿರಬೇಕು.

4. ಅತಿಯಾಗಿ ಬಿಗಿಗೊಳಿಸಬೇಡಿ

ಸಡಿಲತೆಗೆ ಹೆದರಿ ಪ್ಲೇಯನ್ನು ಪೂರ್ತಿ ತೆಗೆದುಹಾಕುವುದು ಇನ್ನೊಂದು ದೋಷಕ್ಕೆ ದಾರಿಯಾಗುತ್ತದೆ. ಆಗ ಕ್ಲಚ್ ಪೂರ್ಣವಾಗಿ ಹಿಡಿಯದೆ ಜಾರುತ್ತದೆ. ಎಂಜಿನ್ ಶಬ್ದ ಏರಿದರೂ ವೇಗ ಏರುವುದಿಲ್ಲ, ಕ್ಲಚ್ ಪ್ಲೇಟುಗಳು ಬಿಸಿಯಾಗಿ ಬೇಗ ಸವೆಯುತ್ತವೆ. ಹಾಲಿನ ಕ್ಯಾನು, ಹೂವು ಅಥವಾ ತರಕಾರಿಯ ಮೂಟೆ ಹೇರಿಕೊಂಡು ಏರು ಹತ್ತುವವರಿಗೆ ಇದು ಬೇಗನೆ ಅನುಭವಕ್ಕೆ ಬರುತ್ತದೆ. ತೂಬಗೆರೆ ಹೋಬಳಿಯಲ್ಲಿರುವ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಪುಷ್ಯ ಮಾಸದ ರಥೋತ್ಸವದಂತಹ ಜನಸಂದಣಿಯ ದಿನಗಳಲ್ಲಿ, ಲಿವರನ್ನು ಅರ್ಧ ಹಿಡಿದೇ ಬಹುದೂರ ಸಾಗುವುದರಿಂದಲೂ ಪ್ಲೇಟುಗಳು ಸವೆಯುತ್ತವೆ. ಪ್ಲೇ ಸರಿಯಿದ್ದೂ ಕ್ಲಚ್ ಜಾರುತ್ತಿದ್ದರೆ ಪ್ಲೇಟುಗಳನ್ನು ಮೆಕ್ಯಾನಿಕರಿಂದ ಪರೀಕ್ಷೆ ಮಾಡಿಸಬೇಕು.

5. ಗಮನಿಸಬೇಕಾದ ಇತರ ಅಂಶಗಳು

* ಕೇಬಲ್ ಬದಲು ಹೈಡ್ರಾಲಿಕ್ ಕ್ಲಚ್ ಇರುವ ವಾಹನಗಳಿಗೆ ಮೇಲಿನ ಕ್ರಮ ಅನ್ವಯಿಸುವುದಿಲ್ಲ. ಲಿವರ್ ಮೆತ್ತಗಾಗಿದ್ದರೆ ದ್ರವದ ಮಟ್ಟ ಹಾಗೂ ಸೋರಿಕೆಯನ್ನು ಪರೀಕ್ಷಿಸಬೇಕು.

* ದಾರಿಯಲ್ಲಿ ಕೇಬಲ್ ತುಂಡಾದರೆ ವಾಹನವನ್ನು ರಸ್ತೆಯ ಅಂಚಿಗೆ ತಂದು ನ್ಯೂಟ್ರಲ್‌ನಲ್ಲಿ ತಳ್ಳಿಕೊಂಡು ಹೋಗಿ. ಕ್ಲಚ್ ಇಲ್ಲದೆ ಓಡಿಸಲು ಯತ್ನಿಸಬಾರದು.

* ಅಪಾಯಕಾರಿಯಾದ ದೋಷವಿದೆಯೆಂದು ತಿಳಿದೂ, ಅಥವಾ ಸಾಧಾರಣ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ, ಅಂತಹ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಮೋಟಾರು ವಾಹನ ಕಾಯ್ದೆ, 1988ರ ಕಲಂ 190ರಡಿ ಶಿಕ್ಷಾರ್ಹ.

* ನೋಂದಣಿಯಾಗಿ 15 ವರ್ಷ ಪೂರೈಸುವ ಸ್ವಂತ ಬಳಕೆಯ ವಾಹನಗಳ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸುವವರೂ, ವಾಹನವನ್ನು ತಪಾಸಣೆಗೆ ತರುವ ಮುನ್ನ ಈ ಪರಿಶೀಲನೆಯನ್ನು ಮಾಡಿಕೊಳ್ಳುವುದು ಸೂಕ್ತ.

ಸೂಚನೆ: ಪರೀಕ್ಷೆಯ ದಿನದ ಬೆಳಿಗ್ಗೆ ಹೊಸದಾಗಿ ಹೊಂದಿಸಿದ ಲಿವರ್ ಕೈಗೆ ಒಗ್ಗಿರುವುದಿಲ್ಲ. ಆದುದರಿಂದ ಕನಿಷ್ಠ ಎರಡು ಮೂರು ದಿನ ಮೊದಲೇ ಸರಿಪಡಿಸಿಕೊಂಡು, ಅದೇ ವಾಹನದಲ್ಲಿ ಅಭ್ಯಾಸ ಮಾಡಿ ಪರೀಕ್ಷೆಗೆ ಹಾಜರಾಗಬೇಕೆಂದು ಅರ್ಜಿದಾರರಲ್ಲಿ ಕೋರಲಾಗಿದೆ.