ಸುಲ್ತಾನರ ಪಾಳೆಯಕ್ಕೆ ಬಂದ ಫಕೀರ

ಶಿಲುಬೆ ಯುದ್ಧವೆಂದೊಡನೆ ನಮಗೆ ನೆನಪಾಗುವುದು ಕತ್ತಿಗಳೇ. ಆದರೆ 1219ರಲ್ಲಿ ಕ್ರೈಸ್ತ ಸೇನೆ ಈಜಿಪ್ಟಿನ ದಮಿಯೆಟ್ಟಾಕ್ಕೆ ಮುತ್ತಿಗೆ ಹಾಕಿದ್ದಾಗ, ಅಸ್ಸಿಸಿಯ ಸಂತ ಫ್ರಾನ್ಸಿಸರು ನಿರಾಯುಧರಾಗಿ ಸುಲ್ತಾನ್ ಅಲ್ ಕಾಮಿಲರ ಪಾಳೆಯಕ್ಕೆ ಹೋದರು. ಸಲಾಹುದ್ದೀನ್ ಅಯ್ಯೂಬಿಯವರ ತಮ್ಮನ ಮಗನಾದ ಸುಲ್ತಾನರು ಅವರನ್ನು ಆದರಿಸಿ, ಮಾತು ಆಲಿಸಿ, ಕ್ಷೇಮವಾಗಿ ಕಳುಹಿಸಿಕೊಟ್ಟರು. ಇಬ್ಬರೂ ತಮ್ಮ ಧರ್ಮ ಬಿಡಲಿಲ್ಲ, ಯುದ್ಧವೂ ನಿಲ್ಲಲಿಲ್ಲ.

ಆದರೆ 1221ರ ತಮ್ಮ ನಿಯಮಾವಳಿಯಲ್ಲಿ ಫ್ರಾನ್ಸಿಸರು, ಮುಸ್ಲಿಮರ ನಡುವೆ ಬಾಳುವ ಸಹೋದರರಿಗೆ ಒಂದು ದಾರಿ ತೋರಿದರು: ಜಗಳ, ವಾಗ್ವಾದ ಬೇಡ, ಎಲ್ಲರಿಗೂ ತಗ್ಗಿ ನಡೆಯಿರಿ, ಕ್ರೈಸ್ತರೆಂಬುದನ್ನು ಮರೆಮಾಚಬೇಡಿ. ಅದೇ ವರ್ಷ ನೈಲ್ ಪ್ರವಾಹದಲ್ಲಿ ಸಿಲುಕಿ ಶರಣಾದ ಕ್ರೈಸ್ತ ಸೇನೆಗೆ ಅಲ್ ಕಾಮಿಲರು ಅನ್ನ ನೀಡಿದರು.

ಮಕ್ಕಳಿಗೆ ಕದನಗಳ ಇಸವಿ ಬಾಯಿಪಾಠ ಮಾಡಿಸುವ ನಾವು ಈ ಎರಡು ಸಂಗತಿಗಳನ್ನೂ ಹೇಳಿಕೊಡಬೇಕು. ನಂಬಿಕೆ ಬಿಟ್ಟುಕೊಡದೆಯೂ ನೆರೆಯವರೊಡನೆ ನೆಮ್ಮದಿಯಿಂದ ಬಾಳಬಹುದೆಂದು ಅವರಿಗೆ ತಿಳಿಯಲಿ.