ಲ್ಯಾಪ್‌ಟಾಪಿನೊಳಗಿನ ಖಾಲಿ ಗೂಡು



ನಮ್ಮ ಭಾನುವಾರದ ತರಗತಿಯ ದೊಡ್ಡ ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸೋಣ ಎಂದು ಹೊರಟಾಗ, ಪೋಷಕರೊಬ್ಬರು ಮೂರು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟರು. ಮೂರರಲ್ಲೂ ಇದ್ದದ್ದು 4 ಗಿಗಾಬೈಟ್ ಮೆಮೊರಿ. ಬ್ರೌಸರಿನಲ್ಲಿ ನಿಘಂಟಿನ ಪುಟ ಒಂದು ಕಡೆ, ಬರೆಯುವ ಪುಟ ಇನ್ನೊಂದು ಕಡೆ ತೆರೆದರೆ ಸಾಕು, ಉಸ್ಸೆಂದು ಕೂತುಬಿಡುತ್ತಿದ್ದವು. ಮಕ್ಕಳ ಎದುರಿಗೇ ತಳದ ಸ್ಕ್ರೂ ಬಿಚ್ಚಿ ನೋಡಿದೆವು. ಎರಡರಲ್ಲಿ ಮೆಮೊರಿ ಪಟ್ಟಿ ಕೂರಿಸಲು ಇನ್ನೊಂದು ಗೂಡು ಖಾಲಿ ಇತ್ತು. ಮುಂದಿನ ವಾರ ಎರಡು ಪಟ್ಟಿ ತಂದು ಸಿಕ್ಕಿಸಿದೆವು. ಹತ್ತು ನಿಮಿಷದ ಕೆಲಸ, ಎರಡೂ ಚುರುಕಾದವು. ಮೂರನೆಯದರಲ್ಲಿ ಗೂಡೇ ಇರಲಿಲ್ಲ. ಮೆಮೊರಿ ಚಿಪ್ಪುಗಳನ್ನು ನೇರವಾಗಿ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದರು.

"ಅಂಕಲ್, ಇದಕ್ಕೆ ಮಾತ್ರ ಯಾಕೆ ಹಾಕೋಕಾಗಲ್ಲ?" ಎಂದು ಒಬ್ಬಳು ಹುಡುಗಿ ಕೇಳಿದಳು. "ಇದನ್ನ ಹಾಗೇ ಮಾಡಿದ್ದಾರಮ್ಮ" ಎಂದೆ. ಅದು ಉತ್ತರವಲ್ಲ ಎಂಬುದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ತಿಂಗಳು ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ. ಹುಡುಕುತ್ತಾ ಹೋದಾಗ ನನಗೇ ಆಶ್ಚರ್ಯವಾಯಿತು. ಈ ಕಥೆಯ ಬಹುಭಾಗ ನಡೆದದ್ದು ಇಲ್ಲೇ, ನಾವು ದಿನಾ ಕಾರಿನಲ್ಲಿ ದಾಟಿಹೋಗುವ ಮ್ಯಾಸಚೂಸೆಟ್ಸ್‌ನ ಊರುಗಳಲ್ಲಿ.

ಮೊದಲು ಒಂದು ಮಾತು. ಇಲ್ಲಿ ಮೆಮೊರಿ ಎಂದರೆ ಫೋಟೊ, ಫೈಲು ಇಡುವ ಡಿಸ್ಕ್ ಅಲ್ಲ. ಡಿಸ್ಕ್ ಉಗ್ರಾಣವಿದ್ದಂತೆ, ಮೆಮೊರಿ ಅಡುಗೆಕಟ್ಟೆಯಿದ್ದಂತೆ. ಕಟ್ಟೆ ಚಿಕ್ಕದಾದರೆ, ಉಗ್ರಾಣ ಎಷ್ಟೇ ದೊಡ್ಡದಿದ್ದರೂ ಒಂದು ಪಾತ್ರೆ ಇಳಿಸಿಯೇ ಇನ್ನೊಂದನ್ನು ಇಡಬೇಕು. ನಮ್ಮ ಹಳೆಯ ಲ್ಯಾಪ್‌ಟಾಪುಗಳು ಮಾಡುತ್ತಿದ್ದದ್ದು ಅದನ್ನೇ.

ಹಾರ್ವರ್ಡ್ ಅಂಗಳದ ಒಂದು ಯೋಚನೆ

1945ರಲ್ಲಿ ಶಾಂಘೈ ಮೂಲದ ಆನ್ ವಾಂಗ್ ಎಂಬ ಯುವ ಎಂಜಿನಿಯರ್ ಅಮೆರಿಕಕ್ಕೆ ಬಂದು ಹಾರ್ವರ್ಡ್ ಸೇರಿದರು. 1948ರಲ್ಲಿ ಪಿಎಚ್‌ಡಿ ಮುಗಿಸಿ ಅಲ್ಲಿನ ಗಣಕ ಪ್ರಯೋಗಾಲಯದಲ್ಲಿ ಹೊವರ್ಡ್ ಐಕನ್ ಅವರ ಬಳಿ ಕೆಲಸಕ್ಕೆ ಕೂತಾಗ ಸಿಕ್ಕ ಸಮಸ್ಯೆ ಇದು: ಯಾವ ಭಾಗವೂ ಅಲುಗಾಡದೆ ಮಾಹಿತಿಯನ್ನು ಬರೆದಿಟ್ಟು ಮತ್ತೆ ಓದುವುದು ಹೇಗೆ? ಚಿಕ್ಕ ಕಾಂತೀಯ ಉಂಗುರವನ್ನು ಒಂದು ದಿಕ್ಕಿಗೆ ಕಾಂತೀಕರಿಸಿದರೆ ಒಂದು, ಎದುರು ದಿಕ್ಕಿಗೆ ಮಾಡಿದರೆ ಸೊನ್ನೆ. ಅಲ್ಲಿಯವರೆಗೆ ಸರಿ. ಆದರೆ ಅದನ್ನು ಓದಲು ಹೋದರೆ ಬರೆದದ್ದು ಅಳಿಸಿಹೋಗುತ್ತಿತ್ತು.

ಹಾರ್ವರ್ಡ್ ಅಂಗಳದಲ್ಲಿ ನಡೆದು ಹೋಗುತ್ತಿದ್ದಾಗ ಉತ್ತರ ಹೊಳೆಯಿತೆಂದು ವಾಂಗ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಓದಿದಾಗ ಅಳಿಸಿಹೋದರೆ ಹೋಗಲಿ, ಏನು ಓದಿದೆವೆಂದು ಗೊತ್ತಿದೆಯಲ್ಲ, ಆ ಕೂಡಲೇ ಮತ್ತೆ ಬರೆದರಾಯಿತು! ಇಷ್ಟು ಸರಳ. 1949ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು. 1951ರಲ್ಲಿ 600 ಡಾಲರ್ ಉಳಿತಾಯವನ್ನು ಬಂಡವಾಳ ಮಾಡಿಕೊಂಡು ಬಾಸ್ಟನ್ನಿನಲ್ಲಿ ವಾಂಗ್ ಲ್ಯಾಬೊರೇಟರೀಸ್ ಶುರುಮಾಡಿದರು. 1956ರಲ್ಲಿ ಆ ಪೇಟೆಂಟನ್ನು ಐಬಿಎಂ 5 ಲಕ್ಷ ಡಾಲರಿಗೆ ಕೊಂಡಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ವಾಂಗ್ ಇನ್ನೊಮ್ಮೆ ಬರುತ್ತಾರೆ.

ಅದೇ ಹೊತ್ತಿಗೆ ಎಂಐಟಿಯಲ್ಲಿ ಜೇ ಫಾರೆಸ್ಟರ್ ಇಂಥ ಉಂಗುರಗಳನ್ನು ಸಾಲುಸಾಲಾಗಿ ಜೋಡಿಸಿ, ಅಡ್ಡ ತಂತಿ, ಉದ್ದ ತಂತಿ ಪೋಣಿಸಿ, ಬೇಕಾದ ಒಂದೇ ಉಂಗುರವನ್ನು ಆರಿಸುವ ಜಾಲರಿಯನ್ನು ರೂಪಿಸಿದರು. 1953ರಲ್ಲಿ ಅಲ್ಲಿನ ವರ್ಲ್‌ವಿಂಡ್ ಎಂಬ ಕಂಪ್ಯೂಟರಿಗೆ ಅದನ್ನು ಜೋಡಿಸಲಾಯಿತು. ಅದಕ್ಕೂ ಮೊದಲು ಅದರ ಮೆಮೊರಿಗೆ ಪದೇ ಪದೇ ಕೈಕೊಡುವ ಗಾಜಿನ ಕೊಳವೆಗಳಿದ್ದವು. ಅವನ್ನು ತೆಗೆದು ಹೊಸದನ್ನು ಹಾಕಿದ ಮೇಲೆ ಯಂತ್ರ ವೇಗವಾಯಿತು, ನಂಬಿಕೆಗೂ ಅರ್ಹವಾಯಿತು. ಹಳೆಯ ಯಂತ್ರಕ್ಕೆ ಹೊಸ ಮೆಮೊರಿ ಹಾಕಿ ಜೀವ ತುಂಬುವ ಕೆಲಸ ಲ್ಯಾಪ್‌ಟಾಪಿಗಿಂತ ಎಷ್ಟು ಹಳೆಯದು ನೋಡಿ.

ನೇಯ್ದ ನೆನಪು

ಚಂದ್ರನಿಗೆ ಹೋದ ಅಪೊಲೊ ನೌಕೆಯ ಕಂಪ್ಯೂಟರಿನಲ್ಲಿ ಎರಡು ಬಗೆಯ ಮೆಮೊರಿ ಇತ್ತು. ಅಳಿಸಿ ಬರೆಯಬಹುದಾದದ್ದು 2,048 ಪದಗಳಷ್ಟು. ಕಂಪ್ಯೂಟರ್ ಭಾಷೆಯಲ್ಲಿ ಪದವೆಂದರೆ ಒಂದು ಗುಂಪು ಬಿಟ್‌ಗಳು, ಇಲ್ಲಿ 16. ಬದಲಾಯಿಸಲಾಗದ್ದು 36,864 ಪದ. ಮೊದಲನೆಯದರ ಅಳತೆ ಮಕ್ಕಳಿಗೆ ಹೀಗೆ ಹೇಳಬಹುದು: ಇಂದಿನ ಯೂನಿಕೋಡಿನ ಯುಟಿಎಫ್-8 ಲೆಕ್ಕದಲ್ಲಿ 'ಕನ್ನಡ' ಎಂಬ ಒಂದು ಪದಕ್ಕೆ 15 ಬೈಟ್ ಬೇಕು. ಅಪೊಲೊ ಕಂಪ್ಯೂಟರಿನ ಆ ಮೆಮೊರಿಯಲ್ಲಿ 'ಕನ್ನಡ' ಎಂದು ಸುಮಾರು 250 ಸಲ ಬರೆದರೆ ಜಾಗ ಮುಗಿಯಿತು!

ಬದಲಾಯಿಸಲಾಗದ ಮೆಮೊರಿಯನ್ನು ಅಕ್ಷರಶಃ ನೇಯುತ್ತಿದ್ದರು. ತಂತಿ ಉಂಗುರದೊಳಗೆ ಹಾದರೆ ಒಂದು, ಹೊರಗಿನಿಂದ ಹಾದರೆ ಸೊನ್ನೆ. ನಮ್ಮ ಪಕ್ಕದ ವಾಲ್ಥಮ್‌ನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಎದುರುಬದುರು ಕೂತು ಸೂಜಿ ದಾಟಿಸುತ್ತಾ ಅದನ್ನು ಮಾಡಿದರು. ವಾಲ್ಥಮ್ ಕೈಗಡಿಯಾರಗಳ ಊರು, ಬಟ್ಟೆ ಗಿರಣಿಗಳ ಊರು. ಸೂಕ್ಷ್ಮ ಕೈಕೆಲಸ ಬಲ್ಲವರಿಗೆ ಅಲ್ಲಿ ಕೊರತೆಯಿರಲಿಲ್ಲ. ಇಳಕಲ್ ಸೀರೆಯ ಸೆರಗಿನಂತೆ, ಒಮ್ಮೆ ನೇಯ್ದ ಮೇಲೆ ತಿದ್ದಬೇಕೆಂದರೆ ಬಿಚ್ಚಿಯೇ ತಿದ್ದಬೇಕು.

ಒಂದೊಂದೇ ಚಿಪ್ಪಿನಿಂದ ಒಂದು ಪಟ್ಟಿಗೆ

ಉಂಗುರಗಳ ಕಾಲವನ್ನು ಮುಗಿಸಿದ್ದು ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಕಂಡುಕೊಂಡ ಉಪಾಯ. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್, ಅಷ್ಟರಲ್ಲೇ ಒಂದು ಬಿಟ್. ಕೆಪಾಸಿಟರಿನಲ್ಲಿ ತುಂಬಿದ ವಿದ್ಯುತ್ತು ಸೋರಿಹೋಗುತ್ತದೆ, ಓದಿದರೂ ಖಾಲಿಯಾಗುತ್ತದೆ. ಆದ್ದರಿಂದ ಸೆಕೆಂಡಿಗೆ ಹಲವು ಬಾರಿ ಓದಿ ಮತ್ತೆ ತುಂಬುತ್ತಲೇ ಇರಬೇಕು. ವಾಂಗ್ ಅವರ ಹಳೆಯ ಉಪಾಯವೇ ಇಲ್ಲೂ ಬೇಕಾಯಿತು. 1970ರಲ್ಲಿ ಇಂಟೆಲ್ 1,024 ಬಿಟ್‌ನ 1103 ಎಂಬ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಇಂದು ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದೂ ಇದೇ ತತ್ತ್ವದ ಮೆಮೊರಿ.

1981ರ ಐಬಿಎಂ ಪಿಸಿಯ ಕನಿಷ್ಠ ಮೆಮೊರಿ 16 ಕಿಲೊಬೈಟ್. ಹೆಚ್ಚು ಬೇಕಾದರೆ ಒಂಬತ್ತು ಚಿಪ್ಪು ತಂದು ಒಂದೊಂದನ್ನೇ ಗೂಡಿಗೆ ಒತ್ತಬೇಕಿತ್ತು. ಎಂಟು ಮಾಹಿತಿಗೆ, ಒಂಬತ್ತನೆಯದು ತಪ್ಪು ಹಿಡಿಯಲು. ಒತ್ತುವಾಗ ಚಿಪ್ಪಿನ ಕಾಲು ಮಡಚಿಕೊಳ್ಳುತ್ತಿತ್ತು. ಯಂತ್ರ ಬಿಸಿಯಾಗಿ ತಣ್ಣಗಾಗಿ ಚಿಪ್ಪು ನಿಧಾನವಾಗಿ ಗೂಡಿನಿಂದ ಮೇಲೆದ್ದು ಬರುವುದೂ ಇತ್ತು.

ಇಲ್ಲಿಗೆ ವಾಂಗ್ ಮರಳಿ ಬರುತ್ತಾರೆ. ಅಷ್ಟು ಹೊತ್ತಿಗೆ ಅವರ ಕಂಪನಿ ಲೋವೆಲ್‌ನಲ್ಲಿ ನೆಲೆಸಿ, ಕಚೇರಿಗಳ ಬರಹಯಂತ್ರಕ್ಕೆ ಜಗತ್ತಿನಲ್ಲೇ ಹೆಸರಾಗಿತ್ತು. 1983ರಲ್ಲಿ ಅಲ್ಲಿನ ಎಂಜಿನಿಯರ್ ಜೇಮ್ಸ್ ಕ್ಲೇಟನ್, ಆ ಒಂಬತ್ತೂ ಚಿಪ್ಪುಗಳನ್ನು ಒಂದು ಪುಟ್ಟ ಪಟ್ಟಿಯ ಮೇಲೆ ಸೇರಿಸಿ, ಪಟ್ಟಿಯನ್ನೇ ಗೂಡಿಗೆ ಸಿಕ್ಕಿಸುವ ವಿನ್ಯಾಸ ಮಾಡಿದರು. ಅದೇ ಸಿಮ್ ಮಾಡ್ಯೂಲ್. ನಮ್ಮ ಫೋನಿನ ಸಿಮ್‌ಗೂ ಇದಕ್ಕೂ ಸಂಬಂಧವಿಲ್ಲ. 1987ರಲ್ಲಿ ಪೇಟೆಂಟ್ ಸಿಕ್ಕಿತು. ಇನ್ನು ಮೆಮೊರಿ ಹೆಚ್ಚಿಸಲು ಎಂಜಿನಿಯರ್ ಬೇಕಿರಲಿಲ್ಲ. ಅಂಗಡಿಯಿಂದ ತಂದು ಯಾರು ಬೇಕಾದರೂ ಹಾಕಬಹುದಿತ್ತು.

ಲ್ಯಾಪ್‌ಟಾಪಿಗೆ ಈ ಸೌಲಭ್ಯ ಬರಲು ಇನ್ನಷ್ಟು ಕಾಲ ಹಿಡಿಯಿತು. 1990ರ ದಶಕದ ಮೊದಲಲ್ಲಿ ಒಂದೊಂದು ಕಂಪನಿಯದು ಒಂದೊಂದು ಆಕಾರದ ಮೆಮೊರಿ ಕಾರ್ಡು. ಒಬ್ಬರದು ಇನ್ನೊಬ್ಬರದಕ್ಕೆ ಆಗದು. ಬಳಿಕ ಜೆಡೆಕ್ ಎಂಬ ಉದ್ಯಮ ಮಂಡಳಿ ಎಸ್ಒ-ಡಿಮ್ ಎಂಬ ಗಿಡ್ಡ ಪಟ್ಟಿಯ ಅಳತೆಯನ್ನು ಗೊತ್ತುಮಾಡಿತು. ಆಗ ಯಾವ ಕಂಪನಿಯ ಲ್ಯಾಪ್‌ಟಾಪಿಗೂ ಯಾವ ಕಂಪನಿಯ ಪಟ್ಟಿಯೂ ಹೊಂದುವಂತಾಯಿತು. ನಾವು ತರಗತಿಯಲ್ಲಿ ಸಿಕ್ಕಿಸಿದ್ದು ಇದನ್ನೇ.

ಕಂಬಿ ಬಿಟ್ಟ ಮನೆ

ಊರಿನಲ್ಲಿ ಮನೆ ಕಟ್ಟಿಸುವವರು ತಾರಸಿಯ ಮೇಲೆ ಕಂಬದ ಕಂಬಿಗಳನ್ನು ಹಾಗೇ ಚಾಚಿ ಬಿಟ್ಟಿರುತ್ತಾರಲ್ಲ? ಈಗ ಇಷ್ಟು ಸಾಕು, ಮುಂದೆ ಕೈಯಲ್ಲಿ ಕಾಸು ಓಡಾಡಿದಾಗ, ಮಕ್ಕಳು ದೊಡ್ಡವರಾದಾಗ ಮೇಲೊಂದು ಮಹಡಿ ಏರಿಸೋಣ ಎಂದು. ಲ್ಯಾಪ್‌ಟಾಪಿನ ಖಾಲಿ ಗೂಡು ಕೂಡ ಅಂಥದ್ದೇ ಕಂಬಿ. ಎರಡು ಸೂಟ್‌ಕೇಸಿನೊಡನೆ ಈ ದೇಶಕ್ಕೆ ಬಂದಿಳಿದ ನಮ್ಮಲ್ಲಿ ಅನೇಕರು ಮೊದಲ ಲ್ಯಾಪ್‌ಟಾಪನ್ನು ಅಗ್ಗದ್ದೇ ಕೊಂಡು, ವರ್ಷದ ನಂತರ ಮೆಮೊರಿ ಸೇರಿಸಿಕೊಂಡವರೇ. ಕೊಳ್ಳುವ ದಿನವೇ ಎಲ್ಲವನ್ನೂ ತೀರ್ಮಾನಿಸುವ ಒತ್ತಡ ಇರಲಿಲ್ಲ.

2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಚೇರಿಯ ಕಂದು ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದು ತೋರಿಸಿದರು. ಅದರ 2 ಗಿಗಾಬೈಟ್ ಮೆಮೊರಿ ಬೋರ್ಡಿಗೇ ಬೆಸೆದದ್ದು. 2012ರ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ಕೂಡ ಅದೇ ದಾರಿ ಹಿಡಿಯಿತು. ನಂತರ ಉಳಿದ ಕಂಪನಿಗಳ ತೆಳು ಲ್ಯಾಪ್‌ಟಾಪುಗಳೂ ಹಿಂಬಾಲಿಸಿದವು.

ಇದರಲ್ಲಿ ಬರೀ ಕಂಪನಿಯ ಸ್ವಾರ್ಥವಿದೆ ಎನ್ನುವುದು ನ್ಯಾಯವಲ್ಲ. ಬೆಸೆದ ಮೆಮೊರಿ ಪ್ರೊಸೆಸರಿನ ಪಕ್ಕದಲ್ಲೇ ಇರುವುದರಿಂದ ಸಂಕೇತ ಸಾಗುವ ದಾರಿ ಗಿಡ್ಡ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗ ಸಿಗುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಗೂಡಿನ ದಪ್ಪವೂ ಉಳಿಯುತ್ತದೆ. ಆದರೆ ಇನ್ನೊಂದು ಮುಖವೂ ಇದೆ. ಹೆಚ್ಚಿನ ಮೆಮೊರಿ ಬೇಕಾದರೆ ಕೊಳ್ಳುವಾಗಲೇ, ಕಂಪನಿ ಹೇಳಿದ ಬೆಲೆಗೇ ಕೊಳ್ಳಬೇಕು. ಒಂದು ಚಿಪ್ಪು ಕೆಟ್ಟರೆ ಇಡೀ ಬೋರ್ಡಿಗೇ ಸಂಚಕಾರ. ಚೆನ್ನಾಗಿರುವ ಪರದೆ, ಕೀಲಿಮಣೆ ಎಲ್ಲವೂ ಅದರ ಜೊತೆ ಮೂಲೆಗೆ.

ಈ ವಿಷಯದಲ್ಲೂ ನಮ್ಮ ರಾಜ್ಯಕ್ಕೆ ಒಂದು ಪಾಲಿದೆ. 2012ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ಮತದಾರರು ಕಾರು ರಿಪೇರಿಯ ಹಕ್ಕಿನ ಪ್ರಸ್ತಾಪವನ್ನು ಭಾರೀ ಬಹುಮತದಿಂದ ಒಪ್ಪಿದರು. ನ್ಯೂಯಾರ್ಕ್ ರಾಜ್ಯದಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳಿಗೂ ಅಂಥ ಕಾನೂನು 2023ರ ಕೊನೆಯಲ್ಲಿ ಜಾರಿಗೆ ಬಂತು. ಆದರೆ ಇಂಥ ಕಾನೂನು ಬಿಡಿಭಾಗ, ಕೈಪಿಡಿ ಕೊಡಿಸಬಹುದೇ ಹೊರತು ಇಲ್ಲದ ಗೂಡನ್ನು ಕೊಡಿಸದು. ಸಮಾಧಾನದ ಸುದ್ದಿಯೆಂದರೆ, 2023ರ ಡಿಸೆಂಬರ್‌ನಲ್ಲಿ ಜೆಡೆಕ್ ಕ್ಯಾಮ್2 ಎಂಬ ಹೊಸ ಅಳತೆ ಪ್ರಕಟಿಸಿತು. ತೆಳ್ಳಗೆ ಬೋರ್ಡಿನ ಮೇಲೆ ಮಲಗಿ ಸ್ಕ್ರೂನಿಂದ ಕೂರುವ ಈ ಮೆಮೊರಿಯನ್ನು ಬಿಚ್ಚಿ ಬದಲಾಯಿಸಬಹುದು, ವೇಗವೂ ಸಿಗುತ್ತದೆ. ಇನ್ನೂ ಕೆಲವೇ ಲ್ಯಾಪ್‌ಟಾಪುಗಳಲ್ಲಿ ಬಂದಿದೆ.

ನೀವು ಮಾಡಬಹುದಾದದ್ದು

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಮೆಮೊರಿ ಬೆಸೆದದ್ದೋ, ಗೂಡಿನದೋ ಎಂದು ಕೇಳಿ. ಬೆಸೆದದ್ದಾದರೆ ಇಂದಿನ ಅಗತ್ಯಕ್ಕಲ್ಲ, ಐದು ವರ್ಷದ ನಂತರದ ಅಗತ್ಯಕ್ಕೆ ಕೊಳ್ಳಿ. ಹಳೆಯದಕ್ಕೆ ಸೇರಿಸುವುದಾದರೆ ಡಿಡಿಆರ್3, 4, 5 ಇವುಗಳಲ್ಲಿ ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಪಟ್ಟಿಯ ಅಂಚಿನ ಕಚ್ಚು ಒಂದೊಂದಕ್ಕೆ ಒಂದೊಂದು ಕಡೆ ಇರುತ್ತದೆ, ಹೊಂದದಿದ್ದರೆ ಒತ್ತಬೇಡಿ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಸಾಧ್ಯವಾದರೆ ಬ್ಯಾಟರಿಯ ತಂತಿಯನ್ನೂ ಬಿಡಿಸಿ. ನಮ್ಮ ಚಳಿಗಾಲದ ಒಣಹವೆಯಲ್ಲಿ ಕಾರ್ಪೆಟ್ ಮೇಲೆ ನಡೆದು ಬಂದ ಕೈಯಲ್ಲಿ ಸ್ಥಿರವಿದ್ಯುತ್ ಇರುತ್ತದೆ. ಮೊದಲು ಲೋಹದ ವಸ್ತುವೊಂದನ್ನು ಮುಟ್ಟಿ. ಪಟ್ಟಿಯನ್ನು ಓರೆಯಾಗಿ ತೂರಿಸಿ, ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಕ್ಕೆ ಟಕ್ಕೆಂದು ಹಿಡಿದುಕೊಳ್ಳುತ್ತದೆ.

ಆನ್ ವಾಂಗ್ 1990ರಲ್ಲಿ ತೀರಿಕೊಂಡರು. ಎರಡು ವರ್ಷದಲ್ಲಿ ಅವರ ಕಂಪನಿ ದಿವಾಳಿ ಅರ್ಜಿ ಹಾಕಿತು. ಲೋವೆಲ್ ಹತ್ತಿರ 495ರ ಪಕ್ಕದಲ್ಲಿ ಕಾಣುವ ಮೂರು ಗೋಪುರಗಳು ಅವರು ಕಟ್ಟಿಸಿದವು. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಹಿಂದಿನ ಸೀಟಿನ ಮಕ್ಕಳಿಗೆ ತೋರಿಸಿ. ವಲಸೆ ಬಂದವರೊಬ್ಬರ ಕಂಪನಿ, ಸಾಮಾನ್ಯರ ಕೈಗೆ ಕಂಪ್ಯೂಟರನ್ನು ಬೆಳೆಸುವ ಶಕ್ತಿ ಕೊಟ್ಟ ಜಾಗ ಅದು ಎಂದು ಹೇಳಿ.

ಇನ್ನು ಆ ಮೂರನೆಯ ಲ್ಯಾಪ್‌ಟಾಪ್? ಎಸೆದಿಲ್ಲ. ಹಗುರವಾದ ಲಿನಕ್ಸ್ ಹಾಕಿ, ಬರೆಯುವ ಪುಟವೊಂದನ್ನು ಬಿಟ್ಟು ಬೇರೇನೂ ತೆರೆಯದಂತೆ ಮಾಡಿದ್ದೇವೆ. ಪುಟಾಣಿಗಳು ಅದರಲ್ಲಿ ಅ ಆ ಇ ಈ ಒತ್ತಿ ಕಲಿಯುತ್ತಿದ್ದಾರೆ. ಅಷ್ಟಕ್ಕೆ ಅದರ ಕಟ್ಟೆ ಸಾಕು. ಪ್ರಶ್ನೆ ಕೇಳಿದ ಹುಡುಗಿ ಮಾತ್ರ ಬಿಟ್ಟಿಲ್ಲ. "ದೊಡ್ಡವಳಾದ ಮೇಲೆ ನಾನು ಮಾಡೋ ಲ್ಯಾಪ್‌ಟಾಪಲ್ಲಿ ಎರಡು ಗೂಡು ಇರುತ್ತೆ" ಎನ್ನುತ್ತಾಳೆ.

ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ, ಎಸೆಯುವ ಮೊದಲು ಒಂದು ಭಾನುವಾರ ತರಗತಿಗೆ ತನ್ನಿ. ತಳ ಬಿಚ್ಚಿ ಮಕ್ಕಳ ಜೊತೆಗೇ ನೋಡೋಣ. ಯಾರಿಗೆ ಗೊತ್ತು, ಒಳಗೊಂದು ಗೂಡು ಇನ್ನೂ ಖಾಲಿ ಇರಬಹುದು.